ಸಣ್ಣ ಕಚೇರಿಯ ಲೆಕ್ಕ ಎಲ್ಲರ ಮುಂದಿರಲಿ

ಸಾಫ್ಟ್‌ವೇರ್ ಉದ್ಯಮವೆಂದೊಡನೆ ನಮ್ಮ ಜನರ ಕಣ್ಣೆದುರಿಗೆ ಬಂದು ನಿಲ್ಲುವುದು ವೈಟ್‌ಫೀಲ್ಡಿನ ಗಾಜಿನ ಸೌಧಗಳು, ಅವುಗಳ ಹೆಬ್ಬಾಗಿಲಲ್ಲಿ ಕೊರಳಿಗೆ ಗುರುತಿನ ಚೀಟಿ ಧರಿಸಿ ಸಾಲುಗಟ್ಟಿ ಒಳಹೋಗುವ ಸಹಸ್ರಾರು ತರುಣ ತರುಣಿಯರು. ಆದರೆ ಆ ಸೌಧಗಳ ಮಗ್ಗುಲಿಗೇ, ಔಷಧದಂಗಡಿಯ ಮೇಲಿನ ಮಹಡಿಯಲ್ಲೋ, ಬಾಡಿಗೆ ಮನೆಯೊಂದರ ಹಜಾರಕ್ಕೆ ಮೇಜು ಕುರ್ಚಿಗಳನ್ನು ತುಂಬಿ ಕಚೇರಿಯೆಂದು ಕರೆದ ಜಾಗದಲ್ಲೋ, ಹತ್ತು ಹದಿನೈದು ಮಂದಿ ಕೂಡಿಕೊಂಡು, ಪರದೇಶದ ಯಾವುದೋ ಬ್ಯಾಂಕಿಗೆ, ಆಸ್ಪತ್ರೆಗೆ, ಅಂಗಡಿಗೆ ತಂತ್ರಾಂಶ ಬರೆದುಕೊಡುವ, ಅದನ್ನು ಹೇಗೆ ಬರೆಯಿಸಬೇಕೆಂದು ಸಲಹೆಯನ್ನೂ ಹೇಳುವ ಸಣ್ಣ ಸಣ್ಣ ಕನ್ಸಲ್ಟೆನ್ಸಿಗಳು ನಡೆಯುತ್ತಿರುವುದನ್ನು ಗಮನಿಸಿದವರು ವಿರಳ. ಮುಳಬಾಗಿಲು ತಾಲ್ಲೂಕಿನ ನಮ್ಮ ಬೈರಕೂರು ಹೋಬಳಿಯಂಥ ಕಡೆಯಿಂದ, ಆಂಧ್ರದ ಗಡಿಯ ಊರುಗಳಿಂದ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಅಷ್ಟಿಷ್ಟು ಇಂಗ್ಲಿಷು ಕಲಿತು ಇಂಜಿನಿಯರಿಂಗ್ ಮುಗಿಸಿ ಹೊರಡುವ ಹುಡುಗ ಹುಡುಗಿಯರಲ್ಲಿ ಅನೇಕರು ಮೊದಲು ಕಾಲಿಡುವುದು ಇಂಥ ಕಚೇರಿಗಳಿಗೆ. ಏಕೆಂದರೆ ದೊಡ್ಡ ಕಂಪನಿಗಳು ಹೆಸರುವಾಸಿ ಕಾಲೇಜುಗಳ ಅಂಗಳಕ್ಕೇ ಹೋಗಿ ತಮಗೆ ಬೇಕಾದವರನ್ನು ಆರಿಸಿಕೊಂಡುಬಿಡುತ್ತವೆ. ಈ ಸಣ್ಣ ಕಚೇರಿಗಳ ಒಡೆಯರು ಹೊಸಬರಿಗೆ ಮೊದಲ ದಿನವೇ ಹೇಳುವ ಮಾತೊಂದುಂಟು: “ಇಲ್ಲಿ ಮೇಲು ಕೀಳು ಅಂತೇನಿಲ್ಲ, ನಾವೆಲ್ಲ ಒಂದೇ ಮನೆಯವರ ಹಾಗೆ.” ಸದ್ಭಾವದಿಂದಲೇ ಆಡಿದ ಮಾತಾಗಿದ್ದರೂ ಇದನ್ನು ಒಪ್ಪಿಕೊಳ್ಳಬಾರದೆಂಬುದು, ಮನೆಯ ಹಾಗೆ ನಡೆಯುವ ಕಚೇರಿಗಿಂತ ಲೆಕ್ಕದ ಪುಸ್ತಕ ತೆರೆದಿಟ್ಟು ನಡೆಯುವ ಕಚೇರಿಯೇ ಎಲ್ಲರಿಗೂ ಹಿತವೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಮೊದಲಿಗೆ, ಇಂಥ ಕಂಪನಿ ಮಾರುವುದೇನನ್ನು ಎಂಬುದನ್ನು ವಿಚಾರಿಸಬೇಕು. ಅದರ ಬಳಿ ಮಾಲಿಲ್ಲ, ಗೋದಾಮಿಲ್ಲ. ಇರುವುದು ಹತ್ತು ಮಂದಿಯ ವಿವೇಕ, ಅನುಭವ, ಮತ್ತು “ಇದು ನಿಮಗೆ ಬೇಡ, ಇದರಿಂದ ನಿಮಗೆ ನಷ್ಟ” ಎಂದು ಹಣ ಕೊಡುವವನ ಮುಖಕ್ಕೆ ಹೇಳಬಲ್ಲ ಧೈರ್ಯ. ಮಾರುವುದು ವಿವೇಕವಾದರೂ ಬಿಲ್ಲು ಮಾಡುವುದು ಮಾತ್ರ ಗಂಟೆಯ ಲೆಕ್ಕದಲ್ಲಿ! ಈ ವಿಪರ್ಯಾಸವೇ ಮುಂದಿನ ಅನೇಕ ಅನರ್ಥಗಳಿಗೆ ಮೂಲ. ಟೈಂಶೀಟ್ ಎಂಬುದೊಂದು ಪಟ್ಟಿಯಿರುತ್ತದೆ. ಯಾವ ದಿನ ಯಾವ ಕೆಲಸಕ್ಕೆ ಎಷ್ಟು ಗಂಟೆ ವ್ಯಯವಾಯಿತೆಂದು ಪ್ರತಿಯೊಬ್ಬರೂ ಅದರಲ್ಲಿ ತುಂಬಬೇಕು. ಅದನ್ನು ದಿನದಿನವೂ ಬರೆಯುವವರು ಕಡಿಮೆ. ಶುಕ್ರವಾರ ಸಂಜೆ, ಊರಿನ ಬಸ್ಸು ತಪ್ಪೀತೆಂಬ ಆತುರದಲ್ಲಿ, ಸೋಮವಾರ ಏನು ಮಾಡಿದ್ದೆನೆಂದು ನೆನಪಿಸಿಕೊಳ್ಳುತ್ತ, ಎಂಟು, ಎಂಟು, ಎಂಟು ಎಂದು ತುಂಬಿ ಎದ್ದುಬಿಡುವುದೇ ಹೆಚ್ಚು. ಎರಡು ದಿನ ತಲೆಕೆರೆದು ಆಲೋಚಿಸಿ, ಬರೆಯಬೇಕಾಗಿದ್ದ ಸಾವಿರ ಸಾಲುಗಳ ಬದಲಿಗೆ ನಲವತ್ತು ಸಾಲುಗಳಲ್ಲಿ ಕೆಲಸ ಮುಗಿಸಿದವನಿಗೆ ಆ ಪಟ್ಟಿಯಲ್ಲಿ ತನ್ನ ಆಲೋಚನೆಯನ್ನು ಬರೆಯಲು ಕಾಲಮ್ಮೇ ಇರುವುದಿಲ್ಲ. ಸಾವಿರ ಸಾಲು ಬರೆದವನದಾದರೋ ಗಂಟೆಗಳು ಹೆಚ್ಚಾಗಿ, ಬಿಲ್ಲು ಹೆಚ್ಚಾಗಿ, ಅವನೇ ಶ್ರಮಜೀವಿಯೆನ್ನಿಸಿಕೊಳ್ಳುತ್ತಾನೆ. ಐ.ಬಿ.ಎಂ. ಕಂಪನಿಯ ಬೃಹತ್ತಾದ ತಂತ್ರಾಂಶ ನಿರ್ಮಾಣವೊಂದರ ಮುಖ್ಯಸ್ಥನಾಗಿದ್ದ ಫ್ರೆಡ್ ಬ್ರೂಕ್ಸ್ ಎಂಬಾತ 1975ರಷ್ಟು ಹಿಂದೆಯೇ, ತಡವಾದ ಕೆಲಸಕ್ಕೆ ಜನರನ್ನು ಹೆಚ್ಚಿಸಿದರೆ ಅದು ಇನ್ನಷ್ಟು ತಡವಾಗುವುದೆಂದೂ, ಆಳು ತಿಂಗಳುಗಳನ್ನು ಗುಣಿಸಿ ಭಾಗಿಸಿ ಈ ವಿದ್ಯೆಯನ್ನು ಅಳೆಯಲಾಗದೆಂದೂ ಗ್ರಂಥವೊಂದರಲ್ಲಿ ವಿವರಿಸಿದನು. ಐವತ್ತು ವರ್ಷಗಳಾದರೂ ಬಿಲ್ಲಿನ ಪದ್ಧತಿ ಹೆಚ್ಚೇನೂ ಕದಲಿಲ್ಲ. ಈಗಂತೂ ಯಂತ್ರವೇ ಕೋಡ್ ಬರೆದುಕೊಡುವ ಕಾಲ ಬಂದಿರುವುದರಿಂದ, ಬೆರಳು ಆಡಿಸಿದ ಗಂಟೆಗಳಿಗೆ ಬೆಲೆಯಿಳಿದು, ಬೆರಳನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ವಿವೇಕವೊಂದೇ ಮಾರಾಟಕ್ಕೆ ಉಳಿಯುವ ಹಾಗೆ ಕಾಣುತ್ತದೆ.

ಗಂಟೆಯನ್ನು ಮಾರಲು ಹೊರಟ ಕಚೇರಿಗೆ ಇರುಳೂ ಒಂದು ಸರಕಾಗಿಬಿಡುತ್ತದೆ. 2020ರ ಲಾಕ್‌ಡೌನಿನಲ್ಲಿ ಹಳ್ಳಿಗಳಿಗೆ ಹಿಂದಿರುಗಿದ ಹುಡುಗರನ್ನು ಕಂಡವರಿಗೆ ಇದರ ಸ್ವರೂಪ ಪ್ರತ್ಯಕ್ಷವಾಗಿ ತಿಳಿಯಿತು. ನಮ್ಮ ಬೀದಿಯ ಹುಡುಗನೊಬ್ಬನು, ಸಿಗ್ನಲ್ ಸಿಕ್ಕುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರವಾದ್ದರಿಂದ, ನೀರಿನ ತೊಟ್ಟಿಗೆ ಒರಗಿಕೊಂಡು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ರಾತ್ರಿ ಹನ್ನೊಂದರವರೆಗೂ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದನು, ಕೆಳಗಿನಿಂದ ಅವನ ತಾಯಿ, “ಮುದ್ದೆ ಆರಿಹೋಯ್ತಲ್ಲಪ್ಪಾ, ಬರಬಾರದಾ?” ಎಂದು ಕೂಗಿದರೆ ಕೈಯಲ್ಲೇ ಸುಮ್ಮನಿರುವಂತೆ ಸನ್ನೆ ಮಾಡುವನು. ಆಚೆಯ ಕಡೆ ನ್ಯೂಯಾರ್ಕಿನಲ್ಲಿ ಅದು ನಡುಹಗಲು. ಮಾರ್ಚ್ ತಿಂಗಳಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ನವೆಂಬರಿನಲ್ಲಿ ಮತ್ತೆ ಹಿಂದಕ್ಕೆ ತಿರುಗಿಸುತ್ತಾರಷ್ಟೆ. ಅದರಿಂದ ಬೈರಕೂರು ಹೋಬಳಿಯ ಮನೆಯೊಂದರಲ್ಲಿ ಊಟದ ಹೊತ್ತು ವರ್ಷಕ್ಕೆರಡು ಬಾರಿ ಬದಲಾಗುವುದೆಂದು ಆ ಗಡಿಯಾರ ತಿರುಗಿಸಿದವರು ಊಹಿಸಿರಲಾರರು. ಒಮ್ಮೆ ನಾನು ಅವನನ್ನು, “ಬೆಳಿಗ್ಗೆ ಹತ್ತಕ್ಕೆ ಕೂತವನು ಇನ್ನೂ ಎದ್ದಿಲ್ಲವಲ್ಲಪ್ಪ, ಈ ಹೊತ್ತಿನ ಕೆಲಸವನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?” ಎಂದು ಕೇಳಿದೆ. “ಕಾಲ್‌ಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯಲ್ಲ ತಾತ, ನಮ್ಮದು ಚಿಕ್ಕ ಕಂಪನಿ ಅಲ್ವಾ, ಅಡ್ಜಸ್ಟ್ ಮಾಡ್ಕೋಬೇಕು” ಎಂದನು. ಚಿಕ್ಕದೆಂಬ ಕಾರಣಕ್ಕೆ ಲೆಕ್ಕ ಬಿಡುವುದು ಯಾವ ನ್ಯಾಯ? ಚಿಕ್ಕದಾದುದರ ಲೆಕ್ಕವನ್ನಲ್ಲವೇ ಸುಲಭವಾಗಿ ಇಡಬಹುದಾದುದು!

ದುಡಿಮೆಯ ಗಂಟೆಗಳ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ಸಂಬಂಧವಿದೆ. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ತರುಣರಿಗೆ ಕರೆಯಿತ್ತು ದೇಶದಾದ್ಯಂತ ವಾಗ್ವಾದವೆಬ್ಬಿಸಿದ ಎನ್.ಆರ್. ನಾರಾಯಣಮೂರ್ತಿಯವರು ಜನಿಸಿದ್ದು ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟದಲ್ಲಿ. ಅವರ ಪರಿಶ್ರಮದ ಬಗೆಗೆ ನನಗೆ ಗೌರವವಿದೆ. 1981ರಲ್ಲಿ ಇನ್ಫೋಸಿಸ್ ಕೂಡ ಏಳು ಮಂದಿಯ ಸಣ್ಣ ಕನ್ಸಲ್ಟೆನ್ಸಿಯೇ ಆಗಿತ್ತೆಂಬುದನ್ನೂ, ಮುಂದೆ ತನ್ನ ಷೇರುಗಳನ್ನು ನೌಕರರಿಗೆ ಹಂಚಿದ ಮೊದಲಿಗರಲ್ಲಿ ಅದು ಒಂದೆಂಬುದನ್ನೂ ಮರೆಯುವಂತಿಲ್ಲ. ಆದರೆ ಅದೇ ಕಾರಣದಿಂದ ಅವರ ಮಾತಿಗೆ ಒಂದು ಪ್ರತಿವಚನವೂ ಹುಟ್ಟುತ್ತದೆ: ಆ ಏಳು ಮಂದಿ ಇರುಳು ಹಗಲೆನ್ನದೆ ದುಡಿದಾಗ ಆ ದುಡಿಮೆಯ ಫಲ ಅವರಿಗೇ ಸೇರಿತು, ಫಲದಲ್ಲಿ ಭಾಗವಿಲ್ಲದ, ತಿಂಗಳ ಸಂಬಳದ ಹುಡುಗನಿಗೆ ಒಡೆಯನ ಗಂಟೆಗಳನ್ನು ವಿಧಿಸಿ ಸಂಬಳವನ್ನು ಮಾತ್ರ ಆಳಿನದಾಗಿ ಉಳಿಸುವುದು ಧರ್ಮವಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯೆಂದು ಮೇರೆ ಹಾಕಿತು. ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನದ ದುಡಿಮೆಯನ್ನು ಹದಿನಾಲ್ಕು ಗಂಟೆಯವರೆಗೂ ವಿಸ್ತರಿಸಲು ಅವಕಾಶ ಕೊಡುವ ಪ್ರಸ್ತಾವವೊಂದು 2024ರ ಜುಲೈಯಲ್ಲಿ ಎದ್ದಾಗ, ಐ.ಟಿ. ನೌಕರರ ಸಂಘದವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಇದರಲ್ಲಿ ವಿನೋದವೇನೆಂದರೆ, ಈ ವಿದ್ಯೆಯ ಆಚಾರ್ಯರೇ ಇದಕ್ಕೆ ವಿರುದ್ಧವಾಗಿ ಹೇಳಿದ್ದಾರೆ. ಕೆಂಟ್ ಬೆಕ್ ಎಂಬ ಅಮೆರಿಕದ ತಂತ್ರಜ್ಞನು 1999ರ ತನ್ನ ಪುಸ್ತಕದಲ್ಲಿ, ಒಳ್ಳೆಯ ತಂತ್ರಾಂಶ ಬರೆಯುವುದಕ್ಕೆ ಅವಶ್ಯವಾದ ಹನ್ನೆರಡು ಅಭ್ಯಾಸಗಳಲ್ಲಿ ವಾರಕ್ಕೆ ನಲವತ್ತು ಗಂಟೆಯೆಂಬುದನ್ನೂ ಸೇರಿಸಿ, ಸತತವಾಗಿ ಎರಡನೆಯ ವಾರವೂ ಹೆಚ್ಚುಹೊತ್ತು ದುಡಿಯಬೇಕಾಗಿ ಬಂದರೆ ದೋಷವಿರುವುದು ದುಡಿಯುವವರಲ್ಲಲ್ಲ, ಯೋಜನೆಯಲ್ಲಿ ಎಂದು ಭಾವಿಸಿದನು. ನಮ್ಮ ಸಣ್ಣ ಕಚೇರಿಗಳು ಆ ಆಚಾರ್ಯರಿಂದ ದಿನ ಬೆಳಗಾದರೆ ಎದ್ದುನಿಂತು ಮಾಡುವ ಸ್ಟ್ಯಾಂಡಪ್ ಮೀಟಿಂಗನ್ನು ಕಲಿತವು; ನಲವತ್ತು ಗಂಟೆಯ ಪುಟವನ್ನು ಮಾತ್ರ ಮಗುಚಿ ಮುಂದೆ ಹೋದವು.

ಇನ್ನು ಕಾನೂನಿನ ಆಶ್ರಯವೆಷ್ಟು ಎಂದು ನೋಡಿದರೆ, ಚಿಕ್ಕತನವೇ ಒಂದು ರಕ್ಷಾಕವಚವಾಗಿರುವುದು ಕಂಡುಬರುತ್ತದೆ. ರಕ್ಷಣೆ ಒಡೆಯನಿಗೆ, ನೌಕರನಿಗಲ್ಲ. ಭವಿಷ್ಯನಿಧಿಯ ಕಾಯಿದೆ ಅನ್ವಯಿಸುತ್ತಿದ್ದುದು ಇಪ್ಪತ್ತು ಮಂದಿ ಆದ ಮೇಲೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯನ್ನು 2013ರ ಕಾಯಿದೆ ಕಡ್ಡಾಯ ಮಾಡಿದ್ದು ಹತ್ತು ಮಂದಿ ಇರುವೆಡೆ, ಅದಕ್ಕೂ ಕಡಿಮೆಯಿದ್ದರೆ ಹುಡುಗಿ ಜಿಲ್ಲೆಯ ಸ್ಥಳೀಯ ಸಮಿತಿಯನ್ನು ಹುಡುಕಿಕೊಂಡು ಹೋಗಬೇಕು. ದೊಡ್ಡವರಿಗಾದರೂ, ಕೆಲಸದ ಷರತ್ತುಗಳನ್ನು ಬರೆದು ಪ್ರಕಟಿಸಬೇಕೆಂಬ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಐ.ಟಿ. ಉದ್ಯಮಕ್ಕೆ ನಮ್ಮ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಮತ್ತೂ ಐದು ವರ್ಷ ಅದನ್ನು ಮುಂದುವರಿಸಿತು. ಇಂತಿರಲು ಸಣ್ಣ ಕಚೇರಿಯಲ್ಲಿ ನಿಯಮವೆಂದರೆ ಒಡೆಯನ ಮನಸ್ಸು. ಅದು ಪ್ರಸನ್ನವಾಗಿದ್ದ ದಿನ ಬಿರಿಯಾನಿ, ಮುನಿದ ದಿನ ಮೌನ. ಒಂದೇ ಕೆಲಸ ಮಾಡುವ ಇಬ್ಬರಿಗೆ ಬೇರೆ ಬೇರೆ ಸಂಬಳ. ಅದನ್ನು ಪರಸ್ಪರ ಹೇಳಿಕೊಳ್ಳಬಾರದೆಂಬ ಕಟ್ಟಪ್ಪಣೆ. ಕೆಲಸ ಬಿಡಬೇಕಾದರೆ ಮೂರು ತಿಂಗಳ ನೋಟಿಸು, ಒಡೆಯನು ಬಿಡಿಸಬೇಕಾದರೆ ಒಂದು ಮಧ್ಯಾಹ್ನ. ಕೆಲವರು ಬಾಂಡ್ ಬರೆಯಿಸಿಕೊಳ್ಳುವುದಷ್ಟೇ ಅಲ್ಲದೆ, ಹುಡುಗರ ಅಸಲು ಮಾರ್ಕ್ಸ್ ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಾರೆ. ತಂದೆ ತಾಯಂದಿರು ಸಾಲಮಾಡಿ ಓದಿಸಿ ಗಳಿಸಿಕೊಟ್ಟ ಆ ಕಾಗದಗಳು ಅಲ್ಲಿ ಒತ್ತೆಯ ಒಡವೆಗಳಾಗಿ ಕುಳಿತಿರುತ್ತವೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ತಮಗೆ ಸಲ್ಲಬೇಕಾಗಿದ್ದ ಉನ್ನತ ಪದವಿ ಕಿರಿಯರೊಬ್ಬರ ಪಾಲಾದಾಗ, 1943ರಲ್ಲಿ ಮೈಸೂರು ಸರ್ಕಾರದ ದೊಡ್ಡ ಹುದ್ದೆಯಿಂದ ಗೌರವದಿಂದ ಹೊರನಡೆದರು. ಹಾಗೆ ಎದ್ದು ಬರುವ ಸ್ವಾತಂತ್ರ್ಯವೇ ನೌಕರಿಯಲ್ಲಿ ಮಾನದ ಮೂಲ. ಅದನ್ನು ಬೀರುವಿನಲ್ಲಿ ಇಟ್ಟುಕೊಂಡವನು, ನಾವೆಲ್ಲ ಒಂದೇ ಮನೆಯವರೆಂದು ಹೇಳುವುದು ಎಷ್ಟು ಸರಿ?

ಕೋಲಾರದ ಜನಕ್ಕೆ ಹಾಜರಿ ಪುಸ್ತಕ ಮತ್ತು ಸಂಬಳದ ಲೆಕ್ಕ ಎಷ್ಟು ಸೂಕ್ಷ್ಮವಾದ ವಿಷಯಗಳೆಂಬುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಚಿನ್ನದ ಗಣಿಯ ಕಾರ್ಮಿಕರು 1930ರಲ್ಲಿ ದಿನಗಟ್ಟಲೆ ಕೆಲಸ ನಿಲ್ಲಿಸಿದ್ದು, ಕಂಪನಿಯವರು ಪ್ರತಿಯೊಬ್ಬನ ಬೆರಳಚ್ಚು ತೆಗೆಯಲು ಹೊರಟುದರ ವಿರುದ್ಧ. ತಾವು ದುಡಿಯಲು ಬಂದವರೇ ಹೊರತು ಅಪರಾಧಿಗಳಲ್ಲವೆಂಬ ಅಭಿಮಾನ ಅದರ ಹಿಂದಿತ್ತು. ತೊಂಬತ್ತು ವರ್ಷಗಳ ಬಳಿಕ, 2020ರ ಡಿಸೆಂಬರ್ 12ರ ಬೆಳಗಿನ ಜಾವ, ನಮ್ಮ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಸಿಟ್ಟಿಗೆದ್ದು, ಗಾಜು ಒಡೆದು, ಬೆಂಕಿ ಬಿದ್ದು, ಕೋಲಾರದ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ದಾಂಧಲೆಯನ್ನು ಸಮರ್ಥಿಸಲಾಗದು. ಆದರೆ ಬಳಿಕ ತಪಾಸಣೆ ನಡೆಸಿದ ಕಾರ್ಖಾನೆಗಳ ಇಲಾಖೆಗೆ ಕಂಡುಬಂದದ್ದೇನು? ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿ ಬದಲಾಗಿತ್ತು. ಹಾಜರಿಯನ್ನು ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು. ದುಡಿದ ಗಂಟೆಗೂ ಕೈಗೆ ಬಂದ ಹಣಕ್ಕೂ ತಾಳೆಯಿರಲಿಲ್ಲ. ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಸಿಟ್ಟು ಕಲ್ಲಾಗಿ ಹೊರಬಂತು. ಹತ್ತು ಮಂದಿಯ ಕಚೇರಿಯಲ್ಲಿ ಅದೇ ಸಿಟ್ಟು ಹೊರಬರುವುದು ಒಂದು ಸೋಮವಾರ ಬೆಳಿಗ್ಗೆ ಬಂದ ರಾಜೀನಾಮೆಯ ಮೇಲ್ ಆಗಿ, ಮತ್ತು ಅದರ ಹಿಂದೆಯೇ ಬರುವ ಇನ್ನೆರಡು ಮೇಲ್‌ಗಳಾಗಿ. ಮೂವರು ಹೋದರೆ ಅಂಥ ಕಂಪನಿ ಅರ್ಧ ಖಾಲಿಯಾದಂತೆಯೇ.

ಹಾಗಾದರೆ ಲೆಕ್ಕ ತೆರೆದಿಡುವುದೆಂದರೆ ಹೇಗೆ? ಇದಕ್ಕೆ ಪರದೇಶದ ನಿರ್ವಹಣಾಶಾಸ್ತ್ರವನ್ನು ತಡಕಬೇಕಾಗಿಲ್ಲ. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘದ ಬಾಗಿಲಲ್ಲಿ ಬೆಳಿಗ್ಗೆ ಒಂದು ಗಳಿಗೆ ನಿಂತರೆ ಸಾಕು. ಅಂಥ ಸಂಘವೊಂದರ ಆಡಳಿತ ಮಂಡಳಿಯಲ್ಲಿ ನಾನೂ ಕೆಲಕಾಲ ಕುಳಿತು ಬಂದವನು. ಕ್ಯಾನು ತಂದವರು ಸಾಲಿನಲ್ಲಿ ನಿಲ್ಲುತ್ತಾರೆ. ಪ್ರತಿಯೊಬ್ಬರ ಹಾಲಿನಿಂದ ಚಿಕ್ಕ ಬಟ್ಟಲೊಂದರಲ್ಲಿ ಸ್ಯಾಂಪಲ್ ತೆಗೆದು ಯಂತ್ರಕ್ಕೆ ಒಡ್ಡಿದರೆ, ಕೊಬ್ಬಿನ ಅಂಶವೆಷ್ಟು, ಉಳಿದ ಘನಾಂಶವೆಷ್ಟೆಂಬುದು ಎಲ್ಲರಿಗೂ ಕಾಣುವಂತೆ ಕೆಂಪು ಅಂಕಿಗಳಲ್ಲಿ ಬೆಳಗುತ್ತದೆ. ಲೀಟರು, ಡಿಗ್ರಿ, ದರ, ಮೊತ್ತವೆಲ್ಲ ಚೀಟಿಯಲ್ಲಿ ಮುದ್ರಿತವಾಗಿ ಅವರ ಕೈ ಸೇರುತ್ತದೆ. “ನಿನ್ನೆ ನಾಲ್ಕಿತ್ತು, ಇವತ್ತು ಮೂರೂವರೆ ಹೆಂಗಾಯ್ತು? ಇನ್ನೊಂದು ಸಲ ಹಾಕಪ್ಪಾ” ಎಂದು ಹೆಂಗಸೊಬ್ಬಳು ಪಟ್ಟು ಹಿಡಿದರೆ, ಸೆಕ್ರೆಟರಿ ಗೊಣಗಿಕೊಂಡಾದರೂ ಅವಳ ಕಣ್ಣೆದುರಿಗೇ ಮತ್ತೊಮ್ಮೆ ಪರೀಕ್ಷಿಸಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕೂಡುತ್ತದೆ. ಅಲ್ಲಿ ಜಮಾ ಖರ್ಚು ಓದಲ್ಪಡುತ್ತದೆ, ಲಾಭವೆಷ್ಟು, ಬೋನಸ್ಸಿಗೆ ಎಷ್ಟು, ಕಟ್ಟಡ ನಿಧಿಗೆ ಎಷ್ಟೆಂಬುದು ಕೂಗಾಟದ ನಡುವೆಯೇ ತೀರ್ಮಾನವಾಗುತ್ತದೆ. ಒಂದು ಸೀಮೆಹಸುವಿನ ಒಡತಿಗೂ ಹತ್ತು ಹಸುಗಳ ಒಡೆಯನಿಗೂ ಓಟು ಒಂದೇ. ಎಂ.ವಿ. ಕೃಷ್ಣಪ್ಪನವರಂಥವರು ಈ ಜಿಲ್ಲೆಗೆ ಮಿಶ್ರತಳಿಯ ಹಸುಗಳನ್ನು ಪರಿಚಯಿಸಿ ಕ್ಷೀರೋದ್ಯಮಕ್ಕೆ ಬುನಾದಿ ಹಾಕಿದ ಮೇಲೆ, ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡನ್ನು ಬರದ ವರ್ಷಗಳಲ್ಲಿ ಕೈಹಿಡಿದು ನಡೆಸಿದ್ದು ಹಾಲೇ. ಸಂಘಗಳಲ್ಲಿ ರಾಜಕೀಯವುಂಟು, ಜಾತಿಯ ಗುಂಪುಗಾರಿಕೆಯುಂಟು, ಚುನಾವಣೆಯ ಹಿಂದಿನ ರಾತ್ರಿಯ ವ್ಯವಹಾರಗಳೂ ಉಂಟು. ಅವನ್ನೆಲ್ಲ ನಾನು ಸಮೀಪದಿಂದ ಕಂಡಿದ್ದೇನೆ. ಆದರೂ, ತಾನು ಹಾಕಿದ್ದೆಷ್ಟು, ತನಗೆ ಬರಬೇಕಾದದ್ದೆಷ್ಟು ಎಂಬುದನ್ನು ಅಕ್ಷರ ಬಾರದ ಮುದುಕಿಯೂ ಅಲ್ಲಿ ಬಲ್ಲಳು. ಅವಳ ಮೊಮ್ಮಗ, ಇಂಜಿನಿಯರು, ತನ್ನ ಒಂದು ಗಂಟೆಯನ್ನು ಕಂಪನಿ ಕ್ಲೈಂಟಿಗೆ ಎಷ್ಟು ಡಾಲರಿಗೆ ಮಾರುತ್ತಿದೆಯೆಂಬುದನ್ನು ಅರಿಯನು.

ಇದು ಸಾಫ್ಟ್‌ವೇರಿಗೆ ಒಗ್ಗದ ಹಳ್ಳಿಯ ಮಾತೆಂದು ತಳ್ಳಿಹಾಕುವವರು ಬೆಂಗಳೂರಿನಲ್ಲಿಯೇ ಇರುವ ಒಂದು ದೃಷ್ಟಾಂತವನ್ನು ನೋಡಬೇಕು. 2013ರಲ್ಲಿ ಅಲ್ಲಿ ಆರಂಭವಾದ ನಿಲೆನ್ಸೊ ಎಂಬ ಸಣ್ಣ ಸಾಫ್ಟ್‌ವೇರ್ ಕನ್ಸಲ್ಟೆನ್ಸಿ, ಹೊರಗಿನ ಬಂಡವಾಳಗಾರನ ಅಂಕೆಯಲ್ಲಿರದೆ, ಅದರಲ್ಲಿ ದುಡಿಯುವವರೇ ಅದರ ಒಡೆಯರಾಗಿರುವ ಸಹಕಾರಿ ಸಂಸ್ಥೆಯಾಗಿ ರೂಪುಗೊಂಡಿತು. ರಕ್ತದೊತ್ತಡದ ರೋಗಿಗಳ ಚಿಕಿತ್ಸೆಯನ್ನು ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ದಾಖಲಿಸಿಕೊಳ್ಳುವುದಕ್ಕಾಗಿ ನಿರ್ಮಿತವಾದ, ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದಾದ ‘ಸಿಂಪಲ್’ ಎಂಬ ತಂತ್ರಾಂಶದ ಹಿಂದೆ ಇವರ ಕೈಯಿದೆ. ಸಹಕಾರಿಯೆಂಬುದು ಇಲ್ಲಿ ಭಾವನೆ ಮತ್ತು ಒಪ್ಪಂದ. ಕಾನೂನಿನ ಕಣ್ಣಿಗೆ ಅದು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಎಂದರೆ 2008ರ ಎಲ್.ಎಲ್.ಪಿ. ಕಾಯಿದೆಯ ಸಂತಾನ. ಏಷ್ಯಾದಲ್ಲಿಯೇ ಮೊದಲಿನವುಗಳಲ್ಲಿ ಒಂದಾದ ಸಹಕಾರ ಸಂಘ 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ ನಾಡು ಇದು. ಸಹಕಾರಕ್ಕೆ 1959ರ ಕಾಯಿದೆಯೂ, ಸೌಹಾರ್ದ ಸಹಕಾರಿಗಳಿಗೆ 1997ರ ಕಾಯಿದೆಯೂ ನಮ್ಮಲ್ಲಿವೆ. ಆದರೂ ತಂತ್ರಾಂಶ ಬರೆಯುವ ಹತ್ತು ಮಂದಿ ಸಹಕಾರಿಯಾಗಲು ಬಯಸಿದರೆ, ಸಹಕಾರ ಇಲಾಖೆಯ ಬಾಗಿಲಿಗಿಂತ ಪಾಲುದಾರಿಕೆಯ ಬಾಗಿಲೇ ಅವರಿಗೆ ಸಲೀಸಾಗಿ ತೋರುವುದು ಇಲಾಖೆಗೆ ಶೋಭೆ ತರುವ ಸಂಗತಿಯಲ್ಲ.

ದುಡಿಯುವವರೇ ಒಡೆಯರಾಗುವುದು ಅಪೂರ್ವವೂ ಅಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಅಲ್ಲಿ ತಟ್ಟೆ ಲೋಟ ಹಿಡಿದು ಓಡಾಡುತ್ತಿದ್ದವರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡದ್ದು ಮೊದಲಿಗೆ ಬೆಂಗಳೂರಿನಲ್ಲಿ, 1957ರ ಆಗಸ್ಟಿನಲ್ಲಿ. ಬಿಳಿಯ ಪೇಟದ ಆ ಮಾಣಿಗಳು ಲೇಖಕರಿಗೂ ವಕೀಲರಿಗೂ ಕಾಫಿ ತಂದುಕೊಟ್ಟರು, ಜೊತೆಗೆ ಹೋಟೆಲಿನ ಒಡೆತನವನ್ನೂ ನಡೆಸಿದರು. ನೆರೆಯ ಕೇರಳದ ವಡಗರದ ಬಳಿ, ವಾಗ್ಭಟಾನಂದ ಗುರುಗಳ ಪ್ರೇರಣೆಯಿಂದ 1925ರಲ್ಲಿ ಕೆಲವೇ ಕೂಲಿಗಳು ಸೇರಿ ಕಟ್ಟಿದ ಊರಾಳುಂಗಲ್ ಕಾರ್ಮಿಕ ಸಹಕಾರ ಸಂಘ, ರಸ್ತೆ ಸೇತುವೆಗಳನ್ನು ಕಟ್ಟುತ್ತ ಬೆಳೆದು, 2016ರಲ್ಲಿ ಕೋಳಿಕ್ಕೋಡಿನಲ್ಲಿ ಸೈಬರ್ ಪಾರ್ಕನ್ನೇ ತೆರೆಯಿತು. ಮಣ್ಣು ಹೊತ್ತವರ ಸಂಘವೇ ತಂತ್ರಾಂಶದ ಕೆಲಸಕ್ಕೆ ಕೈಹಾಕಬಲ್ಲುದಾದರೆ, ತಂತ್ರಾಂಶವನ್ನೇ ಬಲ್ಲವರು ಸಂಘ ಕಟ್ಟಲಾರರೆಂಬುದು ನಂಬತಕ್ಕ ಮಾತಲ್ಲ.

ಒಡೆತನವೆಲ್ಲ ಹಂಚಿಹೋಗದಿದ್ದರೂ ಚಿಂತೆಯಿಲ್ಲ. ಮಾತನಾಡುವ ಹಕ್ಕಾದರೂ ಹಂಚಿಹೋಗಬೇಕು. ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ರಿವ್ಯೂ ಎಂಬುದೊಂದು ಸುಂದರವಾದ ಪದ್ಧತಿಯುಂಟು. ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ, ಇಲ್ಲಿ ತಪ್ಪಿದೆ, ಇಲ್ಲಿ ತೊಡಕಿದೆ, ಇದು ನನಗೆ ಅರ್ಥವಾಗಲಿಲ್ಲ ಎಂದು ಅಂಚಿನಲ್ಲಿ ಬರೆಯುತ್ತಾನೆ. ಹಿರಿಯನ ಬರಹವನ್ನು ಕಿರಿಯನೂ ಓದಿ ಒಪ್ಪಬೇಕು, ಆಮೇಲೆಯೇ ಅದು ಮುಂದೆ ಹೋಗತಕ್ಕದ್ದು. ಪೂರ್ವಪಕ್ಷ ಸಿದ್ಧಾಂತಗಳ ವಾದಪರಂಪರೆಯಲ್ಲಿ ಬೆಳೆದ ನಮ್ಮ ದೇಶಕ್ಕೆ ಇದು ಹೊಸದಾಗಿ ತೋರಬಾರದು. ಆದರೆ ನಡೆಯುವುದೇನು? ಶಾಲೆಯಲ್ಲಿ ಮೇಷ್ಟರ ಎದುರು ಕೈಕಟ್ಟಿ ನಿಂತು, ಮಾತುಮಾತಿಗೂ ‘ಸರ್’ ಎಂದು ಬೆಳೆದ ನಮ್ಮ ಹುಡುಗ, ಒಡೆಯನೇ ಬರೆದ ಕೋಡಿನಲ್ಲಿ ತಪ್ಪು ಕಂಡರೂ, ತೆಲುಗಿನಲ್ಲಿ ಹೊಳೆದುದನ್ನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ವಿನಯವಾಗಿ ಹೇಗೆ ಹೇಳುವುದೆಂದು ತಡವರಿಸಿ, ಕೊನೆಗೆ ‘ಓಕೆ’ ಎಂಬೆರಡಕ್ಷರ ಬರೆದು ಸುಮ್ಮನಾಗುತ್ತಾನೆ. ಆ ತಪ್ಪು ಮೂರು ತಿಂಗಳ ಮೇಲೆ ಕ್ಲೈಂಟಿನ ಕಡೆಯಲ್ಲಿ ಸ್ಫೋಟಗೊಂಡಾಗ ಇರುಳೆಲ್ಲ ಕುಳಿತು ತಿದ್ದುವವನೂ ಅವನೇ. ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುವ ಅಭ್ಯಾಸವಿರುವ, ಕಚೇರಿಯೊಳಗೆ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಜಗಳವಾಡಲು ಸಂಕೋಚವಿಲ್ಲದ, ತಿಂಗಳಿಗೊಮ್ಮೆ ಎಲ್ಲರೂ ಕುಳಿತು ಎಲ್ಲಿ ಎಡವಿದೆವೆಂದು ಹೆಸರು ಹಿಡಿದು ದೂರದೆ ಚರ್ಚಿಸುವ ಕಡೆಗಳಲ್ಲಿ ಈ ‘ಓಕೆ’ಗಳು ಕಡಿಮೆಯಾಗುತ್ತವೆಂದು ಅಂಥಲ್ಲಿ ದುಡಿದವರು ನನಗೆ ಹೇಳಿದ್ದಾರೆ. ವಿವೇಕವನ್ನು ಮಾರುವ ಅಂಗಡಿಗೆ ಈ ನಿರ್ಭೀತಿಯೇ ಬಂಡವಾಳ.

ಒಡೆಯರ ಕಷ್ಟವೇನೂ ಸುಳ್ಳಲ್ಲ. ಕೆಲಸ ಮುಗಿದು ಬಿಲ್ಲು ಕಳಿಸಿದ ಮೇಲೆ ಕ್ಲೈಂಟು ಹಣ ಕೊಡುವುದು ಅರುವತ್ತು ದಿನಕ್ಕೋ ತೊಂಬತ್ತು ದಿನಕ್ಕೋ. ಸಂಬಳವನ್ನಾದರೋ ಒಂದನೆಯ ತಾರೀಖು ಕೊಡಲೇಬೇಕು. ಯೋಜನೆಯೊಂದು ಹಠಾತ್ತಾಗಿ ನಿಂತುಹೋದರೆ ನಾಲ್ಕು ಮಂದಿ ಬೆಂಚಿನ ಮೇಲೆ, ಎಂದರೆ ಕೆಲಸವಿಲ್ಲದೆ ಸಂಬಳದ ಮೇಲೆ, ಕುಳಿತುಬಿಡುತ್ತಾರೆ. ದೊಡ್ಡ ಕಂಪನಿಗೆ ಲೆಕ್ಕಕ್ಕೆ ಬಾರದ ಆ ಭಾರ ಸಣ್ಣದರ ಸೊಂಟ ಮುರಿಯಬಲ್ಲುದು. ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಂಬಳ ಕೊಟ್ಟ ಪುಣ್ಯಾತ್ಮರೂ ಇಲ್ಲದಿಲ್ಲ. ಎಲ್ಲರ ಮತ ಕೇಳುತ್ತ ಕುಳಿತರೆ ಅವಕಾಶ ಕೈತಪ್ಪುವುದೆಂಬ ಆಕ್ಷೇಪದಲ್ಲಿಯೂ ಸತ್ಯಾಂಶವಿದೆ. ಸಂಘದ ಸಭೆಗಳಲ್ಲಿ ಮಧ್ಯಾಹ್ನಗಳನ್ನು ಕಳೆದ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬ್ಯಾಂಕಿನಲ್ಲಿ ಇನ್ನೆಷ್ಟು ತಿಂಗಳ ಸಂಬಳವಿದೆಯೆಂಬುದನ್ನು ಮುಚ್ಚಿಟ್ಟುಕೊಂಡು ಒಬ್ಬನೇ ನಿದ್ದೆಗೆಡುವುದಕ್ಕಿಂತ, ಅದನ್ನು ಹತ್ತು ಮಂದಿಯ ಮುಂದೆ ಇಟ್ಟರೆ, ಈ ತಿಂಗಳು ಬೋನಸ್ ಬೇಡ, ಹೊಸ ಕ್ಲೈಂಟನ್ನು ಹುಡುಕೋಣವೆಂದು ಅವರೇ ಹೇಳುವ ಸಂಭವವಿದೆ. ಸಂಕಟದ ದಿನ ಮಾತ್ರ ನೌಕರರನ್ನು ಮನೆಯವರೆಂದು ಕರೆದು, ಲಾಭದ ದಿನ ಬಾಗಿಲು ಹಾಕಿಕೊಳ್ಳುವವನಿಗೆ ಈ ಮಾತು ರುಚಿಸಲಾರದು.

ಇದು ಬೆಂಗಳೂರಿಗೆ ಮಾತ್ರ ಸಂಬಂಧಿಸಿದ ಚರ್ಚೆಯೂ ಅಲ್ಲ. ನೆರೆಯ ಬಾಗೇಪಲ್ಲಿಯಲ್ಲಿ ರೂರಲ್‌ಶೋರ್ಸ್ ಎಂಬ ಸಂಸ್ಥೆ ಗ್ರಾಮೀಣ ತರುಣರಿಂದಲೇ ಕಂಪ್ಯೂಟರಿನ ಕಚೇರಿ ಕೆಲಸಗಳನ್ನು ಮಾಡಿಸುವ ಕೇಂದ್ರವನ್ನು ತೆರೆದು ಹದಿನೈದು ವರ್ಷಗಳಿಗೂ ಹೆಚ್ಚು ಕಾಲವಾಯಿತು. ರೈಲು ಕಾಣದ ಮುಳಬಾಗಿಲಿಗೆ ಇಂದು ಹೆದ್ದಾರಿಯಿದೆ, ಹಳ್ಳಿಗಳಿಗೆ ಫೈಬರ್ ಬರುತ್ತಿದೆ; ಐದಾರು ಮಂದಿ ಇಂಜಿನಿಯರುಗಳು ಬೈರಕೂರಿನಲ್ಲಿಯೋ ನಂಗಲಿಯಲ್ಲಿಯೋ ಕೋಣೆಯೊಂದನ್ನು ಹಿಡಿದು ಕನ್ಸಲ್ಟೆನ್ಸಿ ನಡೆಸುವುದು ಅಸಾಧ್ಯವೇನಲ್ಲ. ಅಂಥದೊಂದು ಹುಟ್ಟುವುದಾದರೆ, ಬೆಂಗಳೂರಿನ ಕಚೇರಿಗಳ ಕಾಫಿ ಯಂತ್ರವನ್ನೂ ಬಣ್ಣದ ಕುರ್ಚಿಗಳನ್ನೂ ಅನುಕರಿಸುವ ಮೊದಲು, ಸಂಬಳದ ಶ್ರೇಣಿ, ರಾತ್ರಿಯ ಕಾಲ್‌ಗೆ ಪ್ರತಿಯಾಗಿ ಮರುದಿನ ಬಿಡಬೇಕಾದ ಹೊತ್ತು, ಲಾಭದ ಹಂಚಿಕೆ, ಕೆಲಸ ಬಿಡುವವರಿಗೂ ಬಿಡಿಸುವವರಿಗೂ ಒಂದೇ ಆದ ಅವಧಿ, ಇವಿಷ್ಟನ್ನು ಎರಡು ಪುಟದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಸಹಕಾರ ಇಲಾಖೆಯೂ ತನ್ನ ಬೈಲಾ ಮಾದರಿಗಳಲ್ಲಿ ಹಾಲು, ರೇಷ್ಮೆ, ಪತ್ತುಗಳ ಜೊತೆಗೆ ತಂತ್ರಾಂಶಕ್ಕೂ ಒಂದು ಮಾದರಿಯನ್ನು ಸಿದ್ಧಪಡಿಸಿ, ನೋಂದಣಿಯನ್ನು ಸರಳಗೊಳಿಸಲಿ.

ಅಲ್ಲಿಯವರೆಗೆ, ಮಕ್ಕಳನ್ನು ಇಂಥ ಕಚೇರಿಗಳಿಗೆ ಕಳುಹಿಸುವ ನಮ್ಮ ಕಡೆಯ ತಂದೆ ತಾಯಂದಿರಲ್ಲಿ ನನ್ನದೊಂದು ಬಿನ್ನಹ. ಕೆಲಸ ಸಿಕ್ಕಿತೆಂಬ ಸಂಭ್ರಮದಲ್ಲಿ ಕುರುಡುಮಲೆ ಗಣಪತಿಗೆ ಕಾಯಿ ಒಡೆಸಿ ಬರುವುದು ಯುಕ್ತವೇ. ಆದರೆ ಸಹಿ ಹಾಕುವ ಮುನ್ನ ಕೆಲಸದ ಹೊತ್ತೆಷ್ಟು, ಸಂಬಳ ಹೆಚ್ಚುವುದು ಯಾವ ಲೆಕ್ಕದಲ್ಲಿ, ಬಿಟ್ಟುಬರುವ ಷರತ್ತೇನು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವಂತೆ ಮಕ್ಕಳಿಗೆ ಹೇಳಿರಿ. ನಕಲು ಪ್ರತಿ ಎಷ್ಟು ಬೇಕಾದರೂ ಕೊಡಲಿ. ಅಸಲು ಮಾರ್ಕ್ಸ್ ಕಾರ್ಡನ್ನು ಮಾತ್ರ ಯಾರ ಕೈಗೂ ಕೊಡಗೊಡಬೇಡಿರಿ.